ಬೋಗುಣಿಯೊಳಗಿನ ಬೆಂಡು

ಯಾರ ಮನೆಗೆ ಹೋದರೂ ಹೂದಾನಿ ಕಂಡರೆ ಸಾಕು, ನನ್ನ ಕಣ್ಣು ಹೂವನ್ನು ಬಿಟ್ಟು ಅದರ ಬುಡ ಹುಡುಕುತ್ತದೆ. ಒಳಗೆ ಏನಿಟ್ಟಿದ್ದಾರೆಂದು ಬೆರಳು ಹಾಕಿ ನೋಡಿ ಬೈಸಿಕೊಂಡದ್ದೂ ಇದೆ. ಕೆಟ್ಟ ಚಾಳಿ, ಒಪ್ಪುತ್ತೇನೆ. ಆದರೆ ಒಂದು ಬೋಗುಣಿ ಹೂವಿನಿಂದ ಒಂದು ಶಾಲೆಯನ್ನೇ ಮುಚ್ಚಿಸಲು ಹೊರಟಿದ್ದವಳಿಗೆ ಬಾರದೆ ಈ ಚಾಳಿ ಇನ್ನಾರಿಗೆ ಬರಬೇಕು?

ಅದು ನಿಜಾಮರ ಕಾಲದ ಮಸ್ಕಿ. ನಮ್ಮ ಹೆಣ್ಣುಮಕ್ಕಳ ಶಾಲೆಗೆ ಒಂದೇ ಕೋಣೆ, ಒಬ್ಬರೇ ಅಕ್ಕೋರು, ಗುರುಸಿದ್ದಮ್ಮನವರು. ಹುಡುಗಿಯರು ಬಾಯಿಪಾಠ ಬಿಟ್ಟು ಏನೂ ಕಲಿಯುವುದಿಲ್ಲ, ಶಾಲೆ ಮುಚ್ಚಿರಿ ಎಂದು ಊರಿನ ಯಾರೋ ಪುಣ್ಯಾತ್ಮರು ಅರ್ಜಿ ಹಾಕಿದ್ದರು. ನೋಡಿ ತೀರ್ಮಾನಿಸಲು ಲಿಂಗಸುಗೂರಿನಿಂದ ಶಾಲಾ ತನಿಖೆಯ ಅಧಿಕಾರಿ, ಮೊಹತಮಿಮ್ ಸಾಹೇಬರು ಬರುವವರಿದ್ದರು. ಶಾಲೆ ಮುಚ್ಚಿದ ಮರುದಿನವೇ ಸಿಂಧನೂರಿನ ವರನಿಗೆ ಮಾತು ಕೊಡುತ್ತೇನೆಂದು ನಮ್ಮಪ್ಪ ಹೇಳಿಬಿಟ್ಟಿದ್ದ. ನನಗಾಗ ಹನ್ನೆರಡು ವರ್ಷ.

ಸಾಹೇಬರಿಗೆ ಮೇಜಿನ ಮೇಲೆ ಹೂವಿರಬೇಕೆಂದು ಅವರ ಜವಾನ ಮೊದಲೇ ಹೇಳಿಹೋಗಿದ್ದ. ನಮ್ಮ ಕಡೆ ಹೂವು ತುರುಬಿನಲ್ಲಿರುತ್ತದೆ, ಲಿಂಗದ ಮೇಲಿರುತ್ತದೆ, ಬಾಗಿಲಿಗೆ ಜೋತುಬಿದ್ದಿರುತ್ತದೆ. ಅದು ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಈ ಸಾಹೇಬರ ಹುಚ್ಚು. ಹೊಲದಲ್ಲಿ ಹಳದಿ ಕುಸುಬಿ ಹೂವಿದ್ದವು. ಆದರೆ ಅಕ್ಕೋರ ಮನೆಯ ಹಿತ್ತಾಳೆ ಬೋಗುಣಿಯ ಬಾಯಿ ಅಗಲ, ಇಟ್ಟ ಟೊಂಗೆಗಳೆಲ್ಲ ಅಂಚಿಗೆ ಮಲಗಿಬಿಡುತ್ತಿದ್ದವು.

"ನಾ ನಿಲ್ಲಸ್ತೀನ್ರಿ ಅಕ್ಕೋರ" ಎಂದೆ. ತರಗತಿಗೆ ಮೊದಲನೆಯವಳು ನಾನು. ನನಗೆ ಬಾರದ ವಿದ್ಯೆಯೂ ಒಂದಿದೆ ಎಂಬ ಸುದ್ದಿ ಇನ್ನೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಒಣಗಿದ ಜೋಳದ ದಂಟು ಸುಲಿದು, ಒಳಗಿನ ಹಗುರ ಬೆಂಡನ್ನು ತೆಗೆದು, ಕಂತೆ ಕಟ್ಟಿ ಬೋಗುಣಿಯಲ್ಲಿಟ್ಟೆ. ಹೂವಿನ ಟೊಂಗೆಗಳನ್ನು ಅದಕ್ಕೆ ಚುಚ್ಚಿದೆ. ಕುಸುಬಿಯ ಮುಳ್ಳಿಗೆ ಬೆರಳೆಲ್ಲ ರಕ್ತ, ಆದರೆ ಹೂವು ನೆಟ್ಟಗೆ ನಿಂತವು. ನಾನು ಊರೆಲ್ಲ ಹೇಳಿಕೊಂಡು ಬಂದೆ.

ಮರುದಿನ ಸಾಹೇಬರ ಟಾಂಗಾದ ಸದ್ದಾಯಿತು. ಬಾಡಿದಂತೆ ಕಂಡ ಹೂವಿಗೆ ಅಕ್ಕೋರು ಒಂದು ತಂಬಿಗೆ ನೀರು ಸುರಿದರು. ನಾನು ನೀರು ಹಾಕಿ ನೋಡಿರಲೇ ಇಲ್ಲ. ಕಂತೆ ಮೆಲ್ಲಗೆ ಮೇಲೆದ್ದಿತು. ಹೂವೆಲ್ಲ ಸಾಹೇಬರ ಕುರ್ಚಿಯ ಕಡೆ ವಾಲಿದವು. ಅಕ್ಕೋರು ಬಲಗೈಯಿಂದ ಗಬಕ್ಕನೆ ಅದುಮಿ ಹಿಡಿದರು, ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಸಲಾಮು ಮಾಡಬೇಕಾದ ಕೈ ಬೋಗುಣಿಯಲ್ಲಿತ್ತು. ಎಡಗೈ ಎತ್ತಿದರೆ ಅವಮಾನ. ಅಕ್ಕೋರು ಬರೀ ತಲೆ ಬಗ್ಗಿಸಿದರು. ಸಾಹೇಬರ ಹುಬ್ಬು ಗಂಟಾಯಿತು. ಆಗಲೇ ಸಿಂಧನೂರಿನ ವರನ ಮೀಸೆ ನನ್ನ ಕಣ್ಣೆದುರು ಬಂತು.

"ಉಸ್ತಾನೀ, ಕೈ ತೆಗೀರಿ" ಎಂದರು ಸಾಹೇಬರು ಅಕ್ಕೋರಿಗೆ.

ತೆಗೆದರು. ಹೂವು ಉರುಳಿ ಹಾಜರಿ ಪುಸ್ತಕದ ಮೇಲೆ ನೀರು ಚೆಲ್ಲಿತು.

ಹಿಂದಿನ ಸಾಲಿನಿಂದ ಹುಲಿಗೆಮ್ಮ ಎದ್ದಳು. ಬಾವಿಯಲ್ಲಿ ಈಸಿ ಹಸಿ ತಲೆಯಲ್ಲೇ ಶಾಲೆಗೆ ಬರುವವಳು, ಮಗ್ಗಿ ಬಾರದವಳು, ದಿನಾ ಬೈಸಿಕೊಳ್ಳುವವಳು. ಬಾಗಿಲಿಗೆ ಒತ್ತು ಕೊಟ್ಟಿದ್ದ ಕಲ್ಲನ್ನು ಎತ್ತಿ ತಂದಳು. ಕಂತೆಯನ್ನು ಒಳಗೆ ತಳ್ಳಿ, ಮೇಲೆ ಕಲ್ಲಿಟ್ಟು, ಸುತ್ತ ಮತ್ತೆ ಹೂವು ಚುಚ್ಚಿದಳು.

"ಬೆಂಡು ತೇಲತೈತ್ರಿ ಸಾಹೇಬರ. ಮ್ಯಾಲ ಭಾರ ಬೇಕು."

"ಪುಸ್ತಕದಾಗ ಓದಿದೇನು?"

"ಇಲ್ರಿ. ಬೆನ್ನಿಗೆ ಬೆಂಡು ಕಟಗೊಂಡ ಈಸ ಕಲ್ತೀನ್ರಿ."

"ಮೊದಲು ಕಟ್ಟಿದ್ದು ಯಾರು?"

ಎಲ್ಲರೂ ನನ್ನತ್ತ ತಿರುಗಿದರು. "ನಾನ್ರಿ" ಎಂದೆ. ನಾಚಿಕೆಯಿಂದ ಸತ್ತೇಹೋಗಬೇಕೆನಿಸಿತು.

ಸಾಹೇಬರು ಒದ್ದೆ ಪುಸ್ತಕವನ್ನು ಒರೆಸಿ, ಬಹಳ ಹೊತ್ತು ಏನೋ ಬರೆದರು. ಹೋಗುವಾಗ ಅಕ್ಕೋರಿಗೆ ಅವರೇ ಸಲಾಮು ಮಾಡಿದರು. "ಬಾಯಿಪಾಠ ಅಂತ ಅರ್ಜಿ ಬರೆದವರು ಬಂದು ಈ ಬೋಗುಣಿ ನೋಡಲಿ" ಎಂದರು. ಶಾಲೆ ಉಳಿಯಿತು. ಅಪ್ಪ ಸಿಂಧನೂರಿನ ಮಾತೆತ್ತಲಿಲ್ಲ.

ಅಕ್ಕೋರು ನನ್ನನ್ನು ಬೈಯಲಿಲ್ಲ. "ನೀ ಆಕಿಗೆ ಮಗ್ಗಿ ಕಲಸು, ಆಕಿ ಕಡೆ ಈಸ ಕಲಿ" ಎಂದು ಹಿಂದಿನ ಸಾಲಿಗೆ ಕಳಿಸಿದರು.

ಬಾವಿಯ ಮೆಟ್ಟಿಲ ಮೇಲೆ ಹುಲಿಗೆಮ್ಮ ನನ್ನ ಬೆನ್ನಿಗೆ ಬೆಂಡಿನ ಕಂತೆ ಕಟ್ಟುವಾಗ ನಾನು ಮೆಟ್ಟಿಲ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಅಂಜಬ್ಯಾಡ ಬೇ, ಬೆಂಡು ತಾನ ಮ್ಯಾಲ ತರತೈತಿ" ಎಂದಳು.

ಬೋಗುಣಿಯಲ್ಲಿ ಅದನ್ನು ಎಲ್ಲರಿಗೂ ತೋರಿಸಿಕೊಟ್ಟವಳೇ ನಾನು. ಕಣ್ಣು ಮುಚ್ಚಿ ಹಾರಿದೆ.