ಗೌಜಲಕ್ಕಿಯ ಪುಕ್ಕ

ಬಸ್ತಿಹಳ್ಳಿಯ ನಿಂಗಾಜಮ್ಮ ಮದುವೆಯಾಗಿ ಬಂದಂದಿನಿಂದ ಗಂಡ ದೊಡ್ಡೀರಯ್ಯ ಬಲೆ ಹಾಕಿ ತರುತ್ತಿದ್ದ ಗೌಜಲಕ್ಕಿಗಳ ಪುಕ್ಕ ಕಿತ್ತು, ಬೆಂಕಿಗೆ ಹಿಡಿದು, ಅರಿಶಿನ ಹಚ್ಚಿ ತೊಳೆದು ಸಾರು ಮಾಡುತ್ತಿದ್ದಳು. ಅವನೂ ಗೆಳೆಯರೂ ಉಂಡೆದ್ದ ಮೇಲೆ ಅವಳ ಪಾಲಿಗೆ ಕತ್ತಿನ ಮೂಳೆ ಉಳಿಯುತ್ತಿತ್ತು.

ತೊಂಬತ್ತಾರನೇ ಇಸವಿಯಲ್ಲಿ ಒಂದು ದಿನ, ಅರಸೀಕೆರೆಯಲ್ಲಿದ್ದ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಅವಳು ಹೊರಟು ನಿಂತಾಗ ಗಂಡ ಸತ್ತ ಹಕ್ಕಿಗಳನ್ನು ಮುಂದೆ ಸುರಿದ. "ಗೆಳೆಯರು ಬತ್ತಾವ್ರೆ. ಸಾರು ಮಾಡಿಟ್ಟು ಹೋಗು."

ಅವಳ ಮೈಯೆಲ್ಲ ಉರಿಯಿತು. ಹಕ್ಕಿಗಳನ್ನು ಬಾಚಿ ಅವನ ಮಡಿಲಿಗೆ ಹಾಕಿದಳು. "ನಮ್ಮವ್ವ ಸಾಯಂಗವ್ಳೆ, ನಿಂಗೆ ಸಾರಿನ ಚಿಂತೆ. ಕೈ ಐತಲ್ಲ, ನೀನೇ ಕೀಳು," ಎಂದು ಬಸ್ಸಿಗೆ ನಡೆದಳು.

ತಾಯಿ ಚೇತರಿಸಿಕೊಂಡ ಮೇಲೆ ಮರಳಿದರೆ ಅಂಗಳದ ತುಂಬ ಪುಕ್ಕ. "ಇದ್ನೊಸಿ ಗುಡ್ಸು," ಅಂದ ಗಂಡನ ಕೈಗೇ ಪೊರಕೆ ಕೊಟ್ಟಳು. ಅಲ್ಲಿಂದ ಮುಂದೆ ಹಕ್ಕಿ ತಂದವನೇ ಪುಕ್ಕ ಕೀಳಬೇಕಾಯಿತು. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ.