ಕಾಕುವಿನ ಡಬ್ಬು ಮೆಣಸಿನ ಸಸಿ

ಮಳೆಗಾಲ ಬಂತೆಂದರೆ ನಮ್ಮ ಕಾಕುವಿನ ಸೊಂಟದ ಎಡಬದಿಗೆ, ಸೀರೆಯ ಮೇಲೆ, ಅಂಗೈಯಗಲದ ಒದ್ದೆ ಕಲೆ ಕಾಣುತ್ತಿತ್ತು. ಡಬ್ಬು ಮೆಣಸಿನಕಾಯಿಯ, ಎಂದರೆ ದೊಣ್ಣೆ ಮೆಣಸಿನ, ಬೀಜ ನೆನೆಸಿ, ಹಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದಳು. ಆ ಬೀಜಕ್ಕೆ ಬೆಚ್ಚಗಿರಬೇಕು. ಬೆಳಗಾವಿಯ ಮಳೆಗಾಲದಲ್ಲಿ ಬೆಚ್ಚಗಿರುವುದು ಮನುಷ್ಯರ ಮೈಯೊಂದೇ ಎಂಬುದು ಅವಳ ವಾದ. ಮೊಳಕೆ ಕಣ್ಣು ಬಿಟ್ಟ ಮೇಲೆ ಹಿಟ್ಟು ನಾದುವ ಹಳೆಯ ಪರಾತದಲ್ಲಿ ಮಣ್ಣು ತುಂಬಿ ಬಿತ್ತಿ, ಬಚ್ಚಲ ಒಲೆಯ ಪಕ್ಕಕ್ಕಿಡುವಳು. ಸಸಿ ನಾಲ್ಕೆಲೆಯಾದಾಗ ಹಾಲಿನ ಪಾಕೀಟುಗಳಿಗೆ, ಮಳೆ ಹಿಂದೆ ಸರಿದಾಗ ಖಾನಾಪುರದ ನಮ್ಮ ಹೊಲಕ್ಕೆ. ಮನೆಯೊಳಗೇಕೆ ಈ ಕೆಸರು ಎಂದು ಯಾರಾದರೂ ಕೇಳಿದರೆ, "ಹೊಲದಾಗ ಬಿತ್ತಿದ್ರ ಜಾಂಬೋಟಿ ಘಟ್ಟದ ಕಡಿ ಮಳಿ ಮಣ್ಣ ಸಮೇತ ಒಯ್ತದ" ಎನ್ನುವಳು.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹಿಂದವಾಡಿಯ ಮನೆಯಲ್ಲಿ ಎಲ್ಲರೂ ಒಟ್ಟಿಗಿದ್ದೆವು, ಆಡಳಿತ ಅಜ್ಜಿಯದು. ಮುಟ್ಟಾದ ಹೆಂಗಸರು ಸಸಿ ಮುಟ್ಟಿದರೆ ಸುಟ್ಟುಹೋಗುತ್ತದೆ ಎನ್ನುವುದು ಅಜ್ಜಿಯ ಕಾನೂನು. ಕಾಕು ಆ ದಿನಗಳಲ್ಲೂ ಗಂಟನ್ನು ಸೊಂಟದಿಂದ ತೆಗೆಯುತ್ತಿರಲಿಲ್ಲ. ಬೈದರೆ ತಿರುಗಿ ನಿಲ್ಲುವಳು: "ಈ ಮೈಯಾಗ ಎರಡು ಮಕ್ಕಳು ಬೆಳದಾವ್ರೀ ಅತ್ತಿ. ಮೆಣಸಿನ ಬೀಜಕ್ಕೇನ್ ಧಾಡಿ?"

ಹೊಸ ಶತಮಾನ ಬಂತೆಂದು ಟೀವಿಯಲ್ಲೆಲ್ಲ ಗದ್ದಲವಾದ ವರ್ಷ ನಾನು ದೊಡ್ಡವಳಾದೆ. ನಮ್ಮ ಮನೆಯಲ್ಲಿ ಯಾವ ಶತಮಾನ ನಡೆದಿತ್ತೋ ಏನೋ, ನನ್ನನ್ನು ಹಿತ್ತಲ ಬಾಗಿಲ ಬಳಿ ಚಾಪೆ ಹಾಕಿ ಕೂರಿಸಿದರು. ಕಾಕು ಪರಾತವನ್ನೇ ಎತ್ತಿಕೊಂಡು ಬಂದು ನನ್ನ ಮುಂದಿಟ್ಟಳು. "ಖಾಲಿ ಕುಂತೀಯಲ್ಲ, ಒಂದೊಂದ ಕಿತ್ತು ಪಾಕೀಟಿಗೆ ಹಚ್ಚು." ಹೆದರುತ್ತಲೇ ಎಲ್ಲವನ್ನೂ ಹಚ್ಚಿದೆ.

ಮರುದಿನ ಸಂಜೆಗೆ ಎಲೆಯಂಚು ಕರಕಾಗಿ ಸಸಿಗಳೆಲ್ಲ ಕತ್ತು ಚೆಲ್ಲಿದ್ದವು. "ನೋಡ್ರಿ, ನಾ ಹೇಳಿದ್ದಿಲ್ಲ?" ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದಳು. ನಾನು ನನ್ನ ಕೈಗಳನ್ನೇ ನೋಡುತ್ತ ಅತ್ತೆ. ಅವುಗಳಲ್ಲಿ ವಿಷವಿದೆಯೆಂದು ನಿಜವಾಗಿಯೂ ನಂಬಿದ್ದೆ.

ಕಾಕು ನನ್ನನ್ನು ಸಮಾಧಾನ ಮಾಡಲಿಲ್ಲ. ಒಂದು ಪಾಕೀಟು ಎತ್ತಿ ಮೂಸಿದಳು. ಇನ್ನೊಂದನ್ನೂ ಮೂಸಿ, ಸೀದಾ ಅಜ್ಜಿಯ ಮುಂದೆ ಹೋಗಿ ನಿಂತಳು.

"ಇದಕ್ಕ ಏನ್ ಹಾಕೀರಿ?"

"ಮೈಲಿಗಿ ಹೋಗ್ಲಿ ಅಂತ ಗೋಮೂತ್ರ ಹಾಕೇನಿ. ತಂಬಿಗಿ ತುಂಬ."

"ನೀರು ಕೂಡಿಸಿದ್ರಿ?"

"ಪವಿತ್ರಕ್ಕ ಯಾರರ ನೀರು ಕೂಡಸ್ತಾರೇನು?"

"ಹಂಗಾರ ಸಸಿ ಸುಟ್ಟಾಕಿ ಈ ಹುಡುಗಿ ಅಲ್ಲ," ಎಂದಳು ಕಾಕು. "ನಿಮ್ಮ ಮಡಿ."

ಕಾಕು ಸೊಂಟದ ಗಂಟು ಬಿಚ್ಚಿ, ಎರಡನೇ ಸಲಕ್ಕೆಂದು ಕಟ್ಟಿಕೊಂಡಿದ್ದ ಬೀಜಗಳನ್ನು ನನ್ನ ಅಂಗೈಗೆ ಸುರಿದಳು. "ಈಗ ಬಿತ್ತು. ಜಳಕಾ ಆಗೂತನಕ ಕಾಯಬ್ಯಾಡ." ಈ ಸಲ ಪರಾತವನ್ನು ತನ್ನ ಕೋಣೆಯ ಕಿಟಕಿಯಲ್ಲಿಟ್ಟು ಬಾಗಿಲಿಗೆ ಕೀಲಿ ಜಡಿದಳು.

ಖಾನಾಪುರದಲ್ಲಿ ಗಿಡಗಳು ಜಗ್ಗುವಂತೆ ಕಾಯಿ ಬಿಟ್ಟವು. ಹಿಟ್ಟು ಹಚ್ಚಿ ಪಲ್ಯ ಮಾಡಿದ ದಿನ ಅಜ್ಜಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಕಾಕು ಆ ಪಾಲನ್ನೂ ನನ್ನ ತಾಟಿಗೆ ಬಡಿಸಿ, "ಬ್ಯಾಡಾದ್ರ ಬಿಡ್ಲಿ, ನಮಗ ಹೆಚ್ಚಾತು" ಎಂದು ನಕ್ಕಳು.

ಎಷ್ಟೋ ವರ್ಷಗಳ ಮೇಲೆ, ಕಾಕು ತೀರಿಕೊಂಡ ದಿನ, ನಾನು ಮುಟ್ಟಾಗಿದ್ದೆ. ಬಳಗದ ಹಿರಿಯಳೊಬ್ಬಳು ಬಾಗಿಲಲ್ಲೇ ಅದನ್ನು ಕೇಳಿದಳು. ಸುಳ್ಳು ಹೇಳಬಹುದಿತ್ತು, ಹೌದು ಎಂದೆ. "ಹಂಗಾರ ದೂರಿಂದ ನೋಡು. ಹೆಣಾ ಮುಟ್ಟಬ್ಯಾಡ," ಎಂದು ಕೈ ಅಡ್ಡ ಹಿಡಿದಳು. ಆ ಕೈ ಸರಿಸಿ ಒಳಗೆ ಹೋದೆ. ಕಾಕುವಿನ ಮೈ ತೊಳೆದವಳು ನಾನೇ.