ಮೌನಕ್ಕೆ ಬಿದ್ದ ಒನ್ಸ್ ಮೋರ್

೧೯೬೧ರಲ್ಲಿ ನಾನು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ, ಮನೆಯ ಮುಂದಿನ ಕೋಣೆಗೇ ಆಫೀಸು ಎಂದು ಹೆಸರಿಟ್ಟು ವಕೀಲಿ ನಡೆಸುತ್ತಿದ್ದೆ. ಕಕ್ಷಿದಾರರಿಗಿಂತ ವಿಳಾಸ ಕೇಳುವವರೇ ಹೆಚ್ಚು ಬರುತ್ತಿದ್ದರು. ಶಾಮಣ್ಣ ಮೇಷ್ಟರು ಬಾಗಿಲಲ್ಲಿ ನಿಂತಾಗಲೂ ದಾರಿ ತೋರಿಸಲು ಕೈ ಎತ್ತಿದೆ.

"ದಾರಿ ಗೊತ್ತು ಸಾರ್, ಜೈಲಿಗೆ ಹೋಗೋದು. ತಪ್ಪಿಸೋಕಾಗತ್ತಾ ನೋಡಿ," ಎಂದರು.

ಮೇಷ್ಟರು ಹನುಮಂತನಗರದ ಕಡೆಯ ಒಂದು ಸರ್ಕಾರಿ ಶಾಲೆಯವರು. ನಮ್ಮ ಬಡಾವಣೆಯ ಹವ್ಯಾಸಿ ತಂಡಕ್ಕೆ ನಾಟಕ ಬರೆದು, ಮಂತ್ರಿಯ ಪಾತ್ರವನ್ನೂ ತಾವೇ ಮಾಡಿದ್ದರು. ನಾಟಕ ಆಡಬೇಕಾದರೆ ಹಸ್ತಪ್ರತಿಯನ್ನು ಮೊದಲು ಪೊಲೀಸರಿಗೆ ಒಪ್ಪಿಸಿ ಲೈಸೆನ್ಸ್ ಪಡೆಯಬೇಕಿದ್ದ ಕಾಲ. ಬಿಳಿ ದೊರೆಗಳು ತಮ್ಮ ಕುರ್ಚಿಯ ಭಯಕ್ಕೆ ಹೆತ್ತ ಕಾನೂನು ಅದು. ದೊರೆಗಳು ಹಡಗು ಹತ್ತಿದರೂ ಭಯವನ್ನು ಇಲ್ಲೇ ಬಿಟ್ಟುಹೋಗಿದ್ದರು. ಕಳ್ಳರನ್ನು ಹಿಡಿಯುವುದರಲ್ಲಿ ಅಷ್ಟೇನೂ ಹೆಸರು ಮಾಡಿರದ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಸಾಹಿತ್ಯ ವಿಮರ್ಶೆಯ ಘನಕಾರ್ಯಕ್ಕಿಳಿದು, ಒಂದು ಮಾತಿಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದರು. ಕೆರೆ ಏಕೆ ಬತ್ತಿತೆಂದು ರಾಜ ಕೇಳಿದಾಗ ಮಂತ್ರಿ ಕೊಡುವ ಉತ್ತರವದು. ಕಾರಣ: ರಾಜನ ಮೇಲೆ ಪ್ರಜೆಗಳಿಗೆ ಅಸಮಾಧಾನ ಹುಟ್ಟಬಹುದು. ದೇಶ ಗಣರಾಜ್ಯವಾದ ಸುದ್ದಿ ಹನ್ನೊಂದು ವರ್ಷವಾದರೂ ಠಾಣೆಗೆ ತಲುಪಿರಲಿಲ್ಲವೆಂದು ಕಾಣುತ್ತದೆ.

ಮೇಷ್ಟರು ವಿಧೇಯರು. ನಾಟಕದ ದಿನ ಪೆಂಡಾಲಿನಲ್ಲಿ ರಾಜ ಪ್ರಶ್ನೆ ಕೇಳಿದ. ಮಂತ್ರಿ ಬಾಯಿ ತೆರೆದರು, ಮುಂದಿನ ಸಾಲಿನಲ್ಲಿದ್ದ ಇನ್‌ಸ್ಪೆಕ್ಟರರನ್ನು ನೋಡಿದರು, ಬಾಯಿ ಮುಚ್ಚಿ ಕೈ ಮುಗಿದರು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತು. ಜನ ಬಿದ್ದು ಬಿದ್ದು ನಕ್ಕರು. ರಂಗಗೀತೆ ರುಚಿಸಿದರೆ ಮತ್ತೆ ಹಾಡಿಸುವುದು ನಮ್ಮ ನಾಟಕಗಳ ಪದ್ಧತಿ. ಅಂದು ಮೌನಕ್ಕೇ ಆ ಮರ್ಯಾದೆ ಸಿಕ್ಕಿತು. "ಒನ್ಸ್ ಮೋರ್!" ಎಂದು ಹಿಂದಿನಿಂದ ಕೂಗು ಬಂತು. ರಾಜ ಮತ್ತೆ ಕೇಳಿದ. ಮಂತ್ರಿ ಮತ್ತೆ ಸುಮ್ಮನಾದರು.

ಲೈಸೆನ್ಸಿನ ಷರತ್ತು ಮುರಿದರೆಂದು ಕೇಸು ಬಿತ್ತು. ಶಿಕ್ಷೆಯಾದರೆ ಮೇಷ್ಟರ ನೌಕರಿ ಹೋಗುತ್ತಿತ್ತು.

ಪಾಟೀಸವಾಲಿನಲ್ಲಿ ಇನ್‌ಸ್ಪೆಕ್ಟರರನ್ನು ಕೇಳಿದೆ: "ಆರೋಪಿ ಏನು ಹೇಳಿದರು?"

"ಏನೂ ಹೇಳ್ಲಿಲ್ಲ ಸಾರ್."

"ಮತ್ತೆ ಕೇಸ್ ಯಾತಕ್ಕೆ?"

"ಹೇಳ್ದೇ ಇದ್ದಿದ್ದು ಎಲ್ರಿಗೂ ಕೇಳಿಸ್ತಲ್ಲ ಸಾರ್!"

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ಏನ್ ಕೇಳಿಸ್ತು ಹೇಳ್ರೀ. ರೆಕಾರ್ಡ್ ಆಗ್ಲಿ."

ಇನ್‌ಸ್ಪೆಕ್ಟರರು ಅಟೆನ್ಷನ್ನಿನಲ್ಲಿ ನಿಂತು, ಪೆರೇಡು ಮಾಡಿಸುವ ಕಂಠದಲ್ಲಿ ಘೋಷಿಸಿದರು: "ಪ್ರಭು, ಕೆರೆಯ ನೀರನ್ನೆಲ್ಲ ತಮ್ಮ ಬಾಮೈದುನನೇ ಕುಡಿದುಬಿಟ್ಟ!"

ಠಾಣೆ ನಿಷೇಧಿಸಿದ ಮಾತನ್ನು ಜನ ತುಂಬಿದ ಕೋರ್ಟಿನಲ್ಲಿ ಠಾಣೆಯೇ ಆಡಿತು. ವಕೀಲರ ಬೆಂಚಿನಿಂದ ಯಾರೋ "ಒನ್ಸ್ ಮೋರ್" ಎಂದರು. ಕೇಸು ವಜಾ ಆಯಿತು.

ಮರುವರ್ಷ ಮೇಷ್ಟರು ಹೊಸ ಹಸ್ತಪ್ರತಿ ಹಿಡಿದು ಬಂದರು.

"ನೋಡಿ ಸಾರ್, ಈ ಸಲ ಒಂದೇ ಒಂದು ಗೀಟಿಲ್ಲ!"

"ಕೆರೆ ಏನಾಯ್ತು ಮೇಷ್ಟ್ರೇ?"

"ತುಂಬಿಸ್ಬಿಟ್ಟಿದೀನಿ ಸಾರ್," ಎಂದರು, ನೆಲ ನೋಡುತ್ತ. "ಕೇಸ್ ಮುಗಿಯೋವರ್ಗೂ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ."

ನಾಟಕಕ್ಕೆ ಹೋಗಿದ್ದೆ. ಇನ್‌ಸ್ಪೆಕ್ಟರರು ಬಂದಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ರಾಜ ಧರ್ಮಾತ್ಮ, ಬಾಮೈದುನ ಪರೋಪಕಾರಿ. ಜನ ಶಾಂತವಾಗಿ ಕಡಲೆಕಾಯಿ ತಿಂದು ಮನೆಗೆ ಹೋದರು.

ನಾನು ಗೆದ್ದ ಕೇಸುಗಳ ಲೆಕ್ಕದಲ್ಲಿ ಇದನ್ನು ಸೇರಿಸುವುದಿಲ್ಲ. ಇಂಥ ಕಾನೂನು ಕೋರ್ಟಿನಲ್ಲಿ ಗೆಲ್ಲಬೇಕಾಗಿಲ್ಲ. ಬರೆಯುವವನನ್ನು ಒಮ್ಮೆ ಕಟಕಟೆ ಹತ್ತಿಸಿದರೆ ಸಾಕು, ಕೆಂಪು ಪೆನ್ಸಿಲನ್ನು ಅವನೇ ಜೇಬಿನಲ್ಲಿಟ್ಟುಕೊಂಡು ಇಳಿಯುತ್ತಾನೆ.